ಕಟ್ಟಿದವರೇ ಬಿಚ್ಚಬೇಕಾದ ಬಿಲ್ಲೆ

"ಗುರುಗಳೇ, ಒಂಬತ್ತು ಹಾಕಿದರೂ ಸಾಯದವರನ್ನು ಏನು ಮಾಡಬೇಕು?"

ದಾಕ್ಷಾಯಣಿ ಇದನ್ನು ಕೈಮುಗಿದು ಕೂತು ಕೇಳಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತು, ಕಂಪ್ಯೂಟರಿನ ಕಡೆ ಬೆರಳು ಮಾಡಿ ಕೇಳಿದಳು. ಸಿಟ್ಟಿಗೆ ಅವಳ ಮೂಗಿನ ತುದಿ ಕೆಂಪಗಾಗಿತ್ತು.

ಮಠದ ಓಲೆಗರಿ ಕೋಣೆಯಲ್ಲಿ ಅವಳಿಗೆ ಅದು ಮೂರನೇ ವರ್ಷ. ಹಳೆಯ ತಾಳೆಗರಿ ಕಟ್ಟುಗಳನ್ನು ಊರೂರಿನಿಂದ ಎರವಲು ತಂದು, ಒಂದೊಂದು ಗರಿಯ ಚಿತ್ರ ತೆಗೆದು, ಮಾಸಿದ ಅಕ್ಷರಗಳನ್ನು ಕಂಪ್ಯೂಟರಿನಿಂದ ಓದಿಸುವುದು ಅವಳ ಕೆಲಸ. ಕಲಿಸಿದವರು ಗುರುಗಳು. ಕಾವಿ ಉಡುವ ಮೊದಲು ಅವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದರು. ಕಂಪ್ಯೂಟರನ್ನು ನಡೆಸುವ ಲೈನಕ್ಸ್ ತಂತ್ರಾಂಶವನ್ನು ಕಲಿತದ್ದು ಅರವತ್ತೆರಡನೇ ವಯಸ್ಸಿನಲ್ಲಿ. ಪುಕ್ಕಟೆ ಸಿಗುತ್ತದೆ, ಒಳಗೇನಿದೆ ಎಂದು ಬಿಚ್ಚಿ ನೋಡಬಹುದು, ಮಠಕ್ಕೆ ಇನ್ನೇನು ಬೇಕು ಎನ್ನುತ್ತಿದ್ದರು.

ಆ ದಿನ ಮೇಜಿನ ಮೇಲಿದ್ದದ್ದು ನಾಟಿವೈದ್ಯದ ಒಂದು ಕಟ್ಟು, ಮುನ್ನೂರ ಹನ್ನೆರಡು ಗರಿ. ಕಟ್ಟಿನ ಮನೆಯವರು ಅದನ್ನು ಮೂರೇ ದಿನಕ್ಕೆ ಕೊಟ್ಟಿದ್ದರು. ಸಂಜೆ ಐದಕ್ಕೆ ಬಂದು ಒಯ್ಯುತ್ತೇವೆ, ಆಮೇಲೆ ಯಾರಿಗೂ ಕೊಡುವುದಿಲ್ಲ ಎಂದಿದ್ದರು. ಕಂಪ್ಯೂಟರಿಗೆ ಓದಲಾಗದ ಗರಿಗಳ ಚಿತ್ರವನ್ನು ಮತ್ತೆ ತೆಗೆಯಬೇಕಾಗುತ್ತದೆ. ಕಟ್ಟು ಹೋದ ಮೇಲೆ ಅದು ಆಗುವ ಮಾತಲ್ಲ. ಇನ್ನೆಂಟು ದಿನ ಇಟ್ಟುಕೊಳ್ಳಬಹುದೇ ಎಂದು ಕೇಳಿ ಬರಲು ದಾಕ್ಷಾಯಣಿ ಬೆಳಿಗ್ಗೆ ಆರರ ಬಸ್ಸಿಗೆ ಸಣ್ಣನಂಜಮ್ಮನನ್ನು ಕಳಿಸಿದ್ದಳು. ಸಣ್ಣನಂಜಮ್ಮ ಗರಿಗಳಿಗೆ ಎಣ್ಣೆ ಸವರುವ ಹೆಂಗಸು, ಐವತ್ತೈದು ದಾಟಿದವಳು. ಅವಳನ್ನು ಕಳಿಸಿ ದಾಕ್ಷಾಯಣಿ ಕಂಪ್ಯೂಟರಿನ ಮುಂದೆ ಕೂತಳು. ಹತ್ತು ಗಂಟೆಗೆ ಅದು ಕೈಕೊಟ್ಟಿತು.

ಪರದೆ ಮೇಲಿನ ಕಿಟಕಿ ಮರಗಟ್ಟಿ ನಿಂತಿತು. ಮೌಸ್ ಒತ್ತಿದರೆ ಉತ್ತರವಿಲ್ಲ. ಹೊಸ ಗರಿಯೊಂದನ್ನು ಓದಿಸಲು ಹೋದರೆ ಜಾಗವಿಲ್ಲ ಎನ್ನುತ್ತಿತ್ತು. ಆಡಳಿತದ ಖಾತೆಯಿಂದ ಒಳಹೋಗಿ ಪಟ್ಟಿ ತೆಗೆದರೆ, ಮುನ್ನೂರು ಚಿಲ್ಲರೆ ಪ್ರೋಗ್ರಾಂಗಳು ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ಒಂದು ನಂಬರು, ಒಂದೊಂದರ ಮುಂದೂ ಡಿಫಂಕ್ಟ್ ಎಂಬ ಒಂದೇ ಪದ. ಅವನ್ನು ಹೊರಗೆ ಹಾಕಲು ಅವಳು ನಾಲ್ಕು ತಾಸಿನಿಂದ ಹೆಣಗುತ್ತಿದ್ದಳು.

"ಮೊದಲು ಯಾವ ನಂಬರು ಹಾಕಿದೆ?" ಎಂದು ಗುರುಗಳು ಕೇಳಿದರು.

"ನೀವು ಹೇಳಿಕೊಟ್ಟ ಹಾಗೆಯೇ. ಕಿಲ್ ಎಂದು ಬರೆದು ಮೊದಲು ಹದಿನೈದು ಹಾಕಿದೆ. ಕೈಲಿರುವುದನ್ನು ಎತ್ತಿಟ್ಟು ಎದ್ದು ಹೋಗು ಅಂತ. ಕೇಳಲಿಲ್ಲ. ಆಮೇಲೆ ಒಂಬತ್ತು ಹಾಕಿದೆ. ಎತ್ತಿಡಲೂ ಬಿಡದೆ ಕತ್ತು ಹಿಡಿದು ನೂಕುವುದು ಅಂತ ನೀವೇ ಹೇಳಿದ್ದಿರಿ. ಅದಕ್ಕೂ ಜಗ್ಗಲಿಲ್ಲ. ಹಾಕಿ ಹಾಕಿ ನನ್ನ ಬೆರಳು ನೋಯುತ್ತಿದೆ. ಕೆಲಸವಿಲ್ಲ, ಕಾರ್ಯವಿಲ್ಲ, ಸುಮ್ಮನೆ ಜಾಗ ತಿಂದುಕೊಂಡು ನಿಂತಿವೆ. ಇಷ್ಟು ಮೊಂಡುತನ ಎಲ್ಲೂ ನೋಡಿಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಸೆರಗಿನ ಸದ್ದಾಯಿತು. ಹತ್ತೂವರೆಗೇ ಹಿಂತಿರುಗಿ ಹೊರಗೆ ಕಾಯುತ್ತಿದ್ದ ಸಣ್ಣನಂಜಮ್ಮ ಒಂದು ಹೆಜ್ಜೆ ಒಳಗಿಟ್ಟಿದ್ದಳು.

"ದಾಕ್ಷಾಯಣಮ್ಮ, ಒಂದು ಮಾತು ಹೇಳಿ ಹೋಗ್ಬೇಕಿತ್ತು."

ದಾಕ್ಷಾಯಣಿ ತಿರುಗಿ ನೋಡದೆ ಅಂಗೈ ಎತ್ತಿದಳು. "ಒಂದ್ನಿಮಿಷ ಇರಮ್ಮಾ. ಇಲ್ಲಿ ನನ್ನ ತಲೆ ಸಿಡೀತಿದೆ."

"ಕೂತ್ಕೋ ನಂಜಮ್ಮ," ಎಂದರು ಗುರುಗಳು.

"ಇರ್ಲಿ ಬುದ್ಧಿ. ನಿಂತೇ ಇರ್ತೀನಿ."

ಗುರುಗಳು ಕನ್ನಡಕ ಏರಿಸಿ ಪರದೆಯನ್ನೊಮ್ಮೆ ನೋಡಿದರು. ಆ ಡಿಫಂಕ್ಟ್ ಎಂಬುದರ ಅರ್ಥವೇನೆಂದು ಕೇಳಿದರು. ಕೆಟ್ಟು ಕೂತಿವೆ ಅಂತ ತಾನೇ ಎಂದಳು ದಾಕ್ಷಾಯಣಿ. ಅವರು ಚಾಪೆಯ ಮೇಲೆ ಕಾಲು ಮಡಚಿ ಕೂತು, ಕೂತ್ಕೋ ತಾಯಿ, ಒಂದು ಕತೆ ಹೇಳುತ್ತೇನೆ ಎಂದರು. ಕತೆ ಕೇಳುವ ಹೊತ್ತೇ ಇದು ಎಂದು ಅವಳಿಗೆ ಒಳಗೊಳಗೇ ಉರಿಯಿತು. ಆದರೂ ಕೂತಳು.

ಒಂದು ದೊಡ್ಡಮನೆ ಇತ್ತು. ಆ ಮನೆಯ ಯಜಮಾನ ಯಾರು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ಮೊದಲು ಒಲೆ ಹೊತ್ತಿಸಿದವರು ಯಾರು ಅಂತ ಕೇಳಿದರೆ ಎಲ್ಲರೂ ಒಂದೇ ಹೆಸರು ಹೇಳುತ್ತಿದ್ದರು. ಅವಳು ಹಿರಿಯವ್ವ. ಈಗ ಅವಳ ಕಣ್ಣು ಮಂಜಾಗಿತ್ತು. ಹಿತ್ತಲ ಕೋಣೆಯಲ್ಲಿ ಅವಳ ಪಾಡಿಗೆ ಅವಳು ಕೂತಿರುತ್ತಿದ್ದಳು.

ಆ ಮನೆಗೊಂದು ಕಟ್ಟಳೆ ಇತ್ತು. ಯಾರನ್ನಾದರೂ ಕೆಲಸಕ್ಕೆ ಕಳಿಸಬೇಕಾದರೆ ಅವನ ತೋಳಿಗೆ ಒಂದು ಹಿತ್ತಾಳೆ ಬಿಲ್ಲೆ ಕಟ್ಟಬೇಕು. ಬಿಲ್ಲೆಯ ಮೇಲೆ ಒಂದು ಅಂಕಿ. ಬಿಲ್ಲೆ ಇಲ್ಲದವನನ್ನು ಹೆಬ್ಬಾಗಿಲು ದಾಟಿಸುತ್ತಿರಲಿಲ್ಲ, ಹೊರಗೆ ಯಾರೂ ಅವನ ಮಾತು ನಂಬುತ್ತಲೂ ಇರಲಿಲ್ಲ. ಒಂದನೇ ಬಿಲ್ಲೆ ಹಿರಿಯವ್ವನದು. ಅದನ್ನು ಅವಳಿಗೆ ಯಾರು ಕಟ್ಟಿದರೋ ಯಾರಿಗೂ ಗೊತ್ತಿಲ್ಲ. ಎರಡನೆಯದನ್ನು ಅವಳೇ ಪಾರುಪತ್ಯಗಾರನಿಗೆ ಕಟ್ಟಿದ್ದಳು. ಮನೆಯ ಕಾರುಬಾರು ನೋಡುವವನು ಅವನೇ. ಆಳುಗಳಿಗೆ ಕಟ್ಟಲು ಉಳಿದದ್ದು ನಲವತ್ತು.

ಕೆಲಸ ಮುಗಿಸಿ ಬಂದವನು ಕಳಿಸಿದವರ ಮುಂದೆ ಬಂದು ನಿಲ್ಲಬೇಕು. ಕಳಿಸಿದವರು 'ಏನಾಯ್ತು?' ಅಂತ ಕೇಳಬೇಕು. ಅವನು ಒಂದೇ ಮಾತು ಹೇಳಬೇಕು. 'ಆಯ್ತು' ಅನ್ನಬೇಕು, ಇಲ್ಲವೇ 'ಆಗಲಿಲ್ಲ' ಅನ್ನಬೇಕು. ಆಗ ಕಳಿಸಿದವರು ಬಿಲ್ಲೆ ಬಿಚ್ಚಿ, 'ಹೋಗಿ ಬಾ' ಅನ್ನಬೇಕು. ಕಟ್ಟಿದವರೇ ಬಿಚ್ಚಬೇಕು, ಬೇರೆಯವರು ಮುಟ್ಟುವಂತಿಲ್ಲ. ಆ ಒಂದು ಮಾತನ್ನು ಬೇರೆಯವರ ಕಿವಿಗೆ ಹಾಕುವಂತೆಯೂ ಇಲ್ಲ. ಕೆಲಸ ಮುಗಿದ ಗಳಿಗೆಗೇ ಅವನ ಪಾಲಿನ ಊಟ ನಿಲ್ಲುತ್ತಿತ್ತು. ಬಿಲ್ಲೆ ಇರುವವರೆಗೆ ಮನೆಗೆ ಹೋಗುವ ಹಾಗೂ ಇಲ್ಲ, ಬೇರೆ ಕೆಲಸ ಹಿಡಿಯುವ ಹಾಗೂ ಇಲ್ಲ.

ಇದು ಕೆಟ್ಟ ಕಟ್ಟಳೆ ಅಂತ ನನಗೆ ಅನ್ನಿಸುವುದಿಲ್ಲ. ಹಿರಿಯವ್ವ ನಡೆಸುತ್ತಿದ್ದಾಗ ಯಾರೂ ಅಂಗಳದಲ್ಲಿ ಒಂದು ಗಳಿಗೆಗಿಂತ ಹೆಚ್ಚು ನಿಂತದ್ದಿಲ್ಲ. ಕಟ್ಟಳೆಯಲ್ಲಿ ತನಗೆ ಬೇಕಾದ ಅರ್ಧ ಇಟ್ಟುಕೊಂಡು ಇನ್ನರ್ಧವನ್ನು ಬಿಸಾಕಿದನಲ್ಲ, ಆ ಪಾರುಪತ್ಯಗಾರ, ಅವನನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಕಳಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೆಳಿಗ್ಗೆ ಬಂದು ಜಗಲಿಯ ಮೇಲೆ ಕೂತನೆಂದರೆ ಕಟ್ಟಿದ್ದೇ ಕಟ್ಟಿದ್ದು. ನೀನು ಸೌದೆಗೆ ಹೋಗು, ನೀನು ಪುರೋಹಿತರ ಮನೆಗೆ ಹೋಗು, ನೀನು ಗಾಣದವನ ಹತ್ತಿರ ಹೋಗು. ಕಳಿಸುವಾಗ ಅವನ ಮುಖ ನೋಡಬೇಕಿತ್ತು, ಮದುಮಗನ ಕಳೆ. ಹೋದವನು ಬಂದು ಎದುರಿಗೆ ನಿಂತರೆ ಆ ಕಳೆ ಇಳಿದುಹೋಗುತ್ತಿತ್ತು. ಕಣ್ಣೆತ್ತಿ ನೋಡುತ್ತಿರಲಿಲ್ಲ. ಹೀಗೆ ಅಂಗೈ ಎತ್ತುತ್ತಿದ್ದ. 'ಇರು' ಅನ್ನುತ್ತಿದ್ದ. ಅಷ್ಟೇ.

ಇಲ್ಲಿ ಗುರುಗಳು ತಮ್ಮ ಅಂಗೈಯನ್ನು ಎತ್ತಿ ತೋರಿಸಿದರು. ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದು ಇಳಿಸಿದರು.

ಒಳಗಿನವರು ಯಾರಾದರೂ ಬಂದು, ಆ ಕೆಲಸ ಏನಾಯ್ತು ಅಂತ ಕೇಳಿದರೆ ಅವನ ಹತ್ತಿರ ಒಂದೇ ಉತ್ತರ. 'ಕಳಿಸಿದ್ದೀನಲ್ಲ.' ಎಣ್ಣೆ ಬಂತೇ? ಕಳಿಸಿದ್ದೀನಲ್ಲ. ಬಾವಿಯ ಹಗ್ಗ ಹೊಸೆದು ಕೊಟ್ಟರೇ? ಕಳಿಸಿದ್ದೀನಲ್ಲ. ಕಳಿಸಿದ ಮೇಲೆ ಕೆಲಸ ಆದಂತೆಯೇ ಅಂತ ಅವನು ತಿಳಿದಿದ್ದ. ಕೇಳಿದವರೂ ಹಾಗೆಯೇ ತಿಳಿದು ಹೋಗುತ್ತಿದ್ದರು. ಆ ಉತ್ತರದಲ್ಲಿ ಅಷ್ಟು ಗತ್ತು ಇತ್ತು.

ಅಂಗಳದಲ್ಲಿ ಮೊದಲು ನಾಲ್ಕು ಜನ ನಿಂತರು. ಆಮೇಲೆ ಹದಿನೈದು. ಆಮೇಲೆ ಮೂವತ್ತು. ಕೆಲಸ ಮುಗಿಸಿ ಬಂದವರು ಕಂಬಕ್ಕೊರಗಿ, ಗೋಡೆಗೊರಗಿ, ಬಾಯಲ್ಲಿ ಒಂದೊಂದು ಮಾತು ಇಟ್ಟುಕೊಂಡು ನಿಂತೇ ಇದ್ದರು. ಮನೆಯ ಜನಕ್ಕೆ ಅವರನ್ನು ಕಂಡರೆ ಅಸಹ್ಯ. ನೀರು ಹೊತ್ತು ತರುವ ಹೆಂಗಸರು, ದಂಡಪಿಂಡಗಳಾ, ಸ್ವಲ್ಪ ದಾರಿ ಬಿಡಿ ಅನ್ನುತ್ತಿದ್ದರು. ಬಂದ ನೆಂಟರು, ಇವರಿಗೆಲ್ಲ ಮಾಡಲು ಕೆಲಸವಿಲ್ಲವೇ ಅಂತ ನಗುತ್ತಿದ್ದರು. ಅಲ್ಲ, ನೀನೇ ಹೇಳು. ಆ ಅಂಗಳದಲ್ಲಿ ಕೆಲಸ ಮುಗಿಸಿದವರು ಅಂತ ಇದ್ದದ್ದು ಅವರು ಮಾತ್ರ. ಮೈಗಳ್ಳರು ಅಂತ ಅನ್ನಿಸಿಕೊಂಡವರೂ ಅವರೇ.

ಹೀಗಿರುವಾಗ ಒಂದು ಬೆಳಿಗ್ಗೆ ಆ ಮನೆಯ ಸೊಸೆಗೆ ನೋವು ಶುರುವಾಯಿತು. ಎರಡನೇ ಹೆರಿಗೆ. ಮೊದಲನೆಯದು ತವರಿನಲ್ಲಿ ಆಗಿತ್ತು, ಇದು ಗಂಡನ ಮನೆಯಲ್ಲಿ ಅಂತ ತೀರ್ಮಾನವಾಗಿತ್ತು. ಒಳಗಿನಿಂದ ಪಾರುಪತ್ಯಗಾರನಿಗೆ ಹೇಳಿ ಕಳಿಸಿದರು. ಅವನ ಕೈಯಲ್ಲಿ ಆಗ ಉಳಿದಿದ್ದದ್ದು ಒಂದೇ ಬಿಲ್ಲೆ, ನಲವತ್ತರಲ್ಲಿ ಕೊನೆಯದು. ಅದನ್ನು ಒಬ್ಬ ಆಳಿನ ತೋಳಿಗೆ ಕಟ್ಟಿ, ಹೊಳೆಯಾಚೆ ಊರಿನ ಸೂಲಗಿತ್ತಿಯನ್ನು ಕರೆದು ತಾ ಅಂದ. ಯಾರ ಹತ್ತಿರವೂ ಬಾಯಿ ಬಿಡಬೇಡ ಅಂತಲೂ ಅಂದ. ನೋವು ಬಂದ ಸುದ್ದಿ ಹೊರಗಿನವರ ಕಿವಿಗೆ ಬಿದ್ದರೆ ಹೆರಿಗೆ ತಡವಾಗುತ್ತದೆ ಅಂತ ನಮ್ಮ ಹೆಂಗಸರು ಈಗಲೂ ಹೇಳುತ್ತಾರಲ್ಲ, ಹಾಗೆ.

ಆಳು ಓಡಿದ. ಹೊಳೆ ದಾಟಿ ಹೋದರೆ ಸೂಲಗಿತ್ತಿಯ ಮನೆಗೆ ಬೀಗ. ಅವಳು ಮಗಳ ಊರಿಗೆ ಹೋಗಿ ಮೂರು ದಿನವಾಗಿತ್ತು. ಮೂಡಲ ಹಟ್ಟಿಯಲ್ಲಿ ಇನ್ನೊಬ್ಬಳು ಇದ್ದಾಳೆ, ಕೈಗುಣ ಒಳ್ಳೆಯದು ಅಂತ ಪಕ್ಕದ ಮನೆಯವರು ಹೇಳಿದರು. ಮೂಡಲ ಹಟ್ಟಿ ಇರುವುದು ದೊಡ್ಡಮನೆಯ ಆ ಕಡೆಗೆ, ಎರಡು ಹರದಾರಿ. ಕಳಿಸದ ಕಡೆಗೆ ಹೋಗುವಂತಿಲ್ಲ. ಹೇಗೂ ದಾರಿಯಲ್ಲೇ ಮನೆ, ಒಂದು ಮಾತು ಕೇಳಿಕೊಂಡೇ ಓಡೋಣ ಅಂತ ಅವನು ಹಿಂದಕ್ಕೆ ಬಂದ. ಹೊತ್ತು ಇನ್ನೂ ಒಂದು ಮಾರು ಏರಿತ್ತು ಅಷ್ಟೇ. ಏದುಸಿರು ಬಿಡುತ್ತ ಜಗಲಿಯ ಮುಂದೆ ನಿಂತ. ಅವನ ಬಾಯಲ್ಲಿದ್ದ ಮಾತು 'ಆಗಲಿಲ್ಲ.'

ಪಾರುಪತ್ಯಗಾರ ಅಂಗೈ ಎತ್ತಿದ. 'ಇರು.'

ಅವನಿಗೆ ಆಗ ಮೈತುಂಬ ಕೆಲಸ. ಹೆರಿಗೆಯಾದ ಕೂಡಲೇ ಊರಿಗೆಲ್ಲ ಸಕ್ಕರೆ ಹಂಚಬೇಕು. ಯಾವ ಬೀದಿಗೆ ಎಷ್ಟು, ಯಾರ ಮನೆಗೆ ಮೊದಲು ಅಂತ ಲೆಕ್ಕ ಹಾಕುತ್ತಿದ್ದ. ಸಕ್ಕರೆ ತರಲು ಕಳಿಸೋಣ ಅಂತ ಬಿಲ್ಲೆಯ ಪೆಟ್ಟಿಗೆಗೆ ಕೈ ಹಾಕಿದರೆ ಪೆಟ್ಟಿಗೆ ಖಾಲಿ. ಅವನಿಗೆ ಸಿಟ್ಟು ನೆತ್ತಿಗೇರಿತು. ಬಿಲ್ಲೆಯೆಲ್ಲ ಯಾರು ಕದ್ದರು ಅಂತ ಕೂಗಾಡಿದ. ನಲವತ್ತು ಬಿಲ್ಲೆ ನಲವತ್ತು ತೋಳಿನ ಮೇಲೆ ಅವನ ಮೂಗಿನ ಮುಂದೆಯೇ ಹೊಳೆಯುತ್ತಿದ್ದವು. ಅವನಿಗೆ ಕಂಡದ್ದು ನಲವತ್ತು ಸೋಮಾರಿಗಳು.

'ಇವರನ್ನು ಒದ್ದು ಓಡಿಸು' ಅಂತ ಕಾವಲುಗಾರನಿಗೆ ಹೇಳಿದ. ಕಾವಲುಗಾರ ಬೈದ, ನೂಕಿದ. ಯಾರೂ ಕದಲಲಿಲ್ಲ. ಕದಲುವುದು ಹೇಗೆ? ತೋಳಿನ ಮೇಲೆ ಬಿಲ್ಲೆ ಇದೆ, ಬಾಯಲ್ಲಿ ಮಾತು ಇದೆ. 'ಏನು ಮಾಡಿದರೂ ಹೋಗುತ್ತಿಲ್ಲ ಸ್ವಾಮಿ' ಅಂದ ಕಾವಲುಗಾರ. 'ಒಬ್ಬೊಬ್ಬನಿಗೂ ಒಂಬತ್ತು ಏಟು ಹಾಕು, ಆಗ ನೋಡೋಣ' ಅಂದ ಪಾರುಪತ್ಯಗಾರ.

ಹಾಕಿದರು. ಹುಣಸೆ ಬರಲಿನಲ್ಲಿ ಒಬ್ಬೊಬ್ಬನಿಗೂ ಒಂಬತ್ತು. ಸೂಲಗಿತ್ತಿಗೆಂದು ಹೋಗಿ ಬಂದಿದ್ದನಲ್ಲ, ಅವನಿಗೂ ಒಂಬತ್ತು. ಅವನ ಬೆನ್ನಿನ ಹಿಂದಿನ ಗೋಡೆಯಾಚೆಯೇ ಸೊಸೆಯ ಕೋಣೆ. ಅವಳು ನರಳುವುದು ಅವನಿಗೆ ಕೇಳುತ್ತಿತ್ತು. ಒಳಗಿನಿಂದ ಹೆಂಗಸೊಬ್ಬಳು ಬಂದು, ಸೂಲಗಿತ್ತಿ ಎಲ್ಲಿ ಅಂತ ಕೇಳಿದಳು. ಪಾರುಪತ್ಯಗಾರ, ಕಳಿಸಿದ್ದೀನಲ್ಲ ಅಂದ. ಮಧ್ಯಾಹ್ನ ಅವಳೇ ಮತ್ತೆ ಬಂದು ಅಳುತ್ತ ಕೇಳಿದಳು. ಎಷ್ಟು ಸಲ ಹೇಳಲಿ, ಕಳಿಸಿದ್ದೀನಲ್ಲ ಅಂತ ಅವಳ ಮೇಲೆ ರೇಗಿದ.

ದಾಕ್ಷಾಯಣಿಗೆ ತಡೆಯಲಾಗಲಿಲ್ಲ. "ಆ ಆಳಿಗಾದರೂ ಬುದ್ಧಿ ಬೇಡವೇ ಗುರುಗಳೇ? ಗಂಟಲು ಹರಿದುಹೋಗುವ ಹಾಗೆ ಕೂಗಿ ಹೇಳಬಾರದಿತ್ತೇ? ಒಂದು ಜೀವದ ಪ್ರಶ್ನೆ."

"ಮೂರು ಸಲ ಬಾಯಿ ತೆರೆದ," ಎಂದರು ಗುರುಗಳು. ಅವರ ದನಿ ಗಡುಸಾಗಿತ್ತು. "ಮೂರು ಸಲವೂ ಅಂಗೈ ಎದ್ದಿತು. ಹಿಂದೊಮ್ಮೆ ಅವನಪ್ಪ ಮನೆಯ ಮಾತನ್ನು ಅಂಗಳದಲ್ಲಿ ಆಡಿದ ಅಂತ ಆ ಅಪ್ಪನನ್ನು ಊರೇ ಬಿಡಿಸಿದ್ದರು. ನೀನು ಕೂಗುತ್ತೀಯ ತಾಯಿ, ಯಾಕಂದರೆ ನಿನ್ನ ತೋಳಿಗೆ ಯಾರೂ ಬಿಲ್ಲೆ ಕಟ್ಟಿಲ್ಲ. ಆಳಿನ ಬಾಯಿ ಕಟ್ಟಿದವರು ಯಾರು ಅಂತ ಬಿಟ್ಟು, ಆಳು ಯಾಕೆ ಕೂಗಲಿಲ್ಲ ಅಂತ ಕೇಳುತ್ತೀಯಲ್ಲ, ಅದು ನನಗೆ ಹಿಡಿಸುವುದಿಲ್ಲ."

ಬಾಗಿಲಲ್ಲಿ ಸಣ್ಣನಂಜಮ್ಮ ನಿಂತ ಕಾಲು ಬದಲಾಯಿಸಿದಳು. ಗುರುಗಳು ಕತೆ ಮುಂದುವರಿಸಿದರು.

ಸೊಸೆಯ ನರಳಾಟ ಹಿತ್ತಲ ಕೋಣೆಗೂ ಕೇಳಿತು. ಹಿರಿಯವ್ವ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಕಣ್ಣು ಮಂಜಾಗಿದ್ದರೂ ಬಿಸಿಲಿಗೆ ಮಿನುಗುತ್ತಿದ್ದ ಬಿಲ್ಲೆಗಳು ಅವಳಿಗೆ ಕಂಡವು. ಅಷ್ಟು ಕಂಡದ್ದೇ ಸಾಕಾಯಿತು. ಅವಳು ಆಳುಗಳ ಹತ್ತಿರ ಹೋಗಲಿಲ್ಲ, ಕಾವಲುಗಾರನ ಹತ್ತಿರವೂ ಹೋಗಲಿಲ್ಲ. ನೆಟ್ಟಗೆ ಜಗಲಿಗೆ ಬಂದು ಪಾರುಪತ್ಯಗಾರನ ಮುಂದೆ ನಿಂತಳು.

'ಕೈಲಿರುವುದನ್ನು ಎತ್ತಿಟ್ಟು ಎದ್ದೇಳಪ್ಪಾ' ಅಂದಳು.

ಮೆಲ್ಲಗೇ ಅಂದಳು. ಅವನು ಸಕ್ಕರೆಯ ಲೆಕ್ಕದಿಂದ ತಲೆ ಎತ್ತಲಿಲ್ಲ. ಹಿರಿಯವ್ವನಿಗೂ ಅಂಗೈ ತೋರಿಸಿ, 'ಇರವ್ವಾ' ಅಂದ. ಒಲೆ ಹೊತ್ತಿಸಿದವಳಿಗೆ. ಅವಳು ಹತ್ತು ಎಣಿಸುವಷ್ಟು ಹೊತ್ತು ಕಾದಳು. ಆಮೇಲೆ ಕೈ ಚಾಚಿ ಅವನ ತೋಳಿನ ಬಿಲ್ಲೆಯನ್ನು ಹುರಿ ಸಮೇತ ಕಿತ್ತಳು. ಲೆಕ್ಕದ ಹಾಳೆ ಅವನ ಕೈಯಲ್ಲಿ ಹಾಗೆಯೇ ಉಳಿಯಿತು. ಆ ಗಳಿಗೆಯಿಂದ ಅವನು ಆ ಮನೆಯ ಪಾರುಪತ್ಯಗಾರನಾಗಿ ಉಳಿಯಲಿಲ್ಲ.

ಅವನು ಕಳಿಸಿದವರೆಲ್ಲ ಈಗ ಯಾರ ಆಳು? ಆ ಮನೆಯಲ್ಲಿ ದಿಕ್ಕಿಲ್ಲದವರೆಲ್ಲ ಹಿರಿಯವ್ವನ ಮಕ್ಕಳು. ಅದೂ ಕಟ್ಟಳೆಯೇ. ಅವಳು ಜಗಲಿಯ ಅಂಚಿಗೆ ಕೂತು, ಹತ್ತಿರ ಇದ್ದವನ ತೋಳು ಹಿಡಿದು, 'ಏನಾಯ್ತು ಮಗಾ?' ಅಂದಳು. 'ಆಯ್ತು ಅವ್ವಾ.' ಬಿಚ್ಚಿದಳು. 'ಹೋಗಿ ಬಾ.' ಮುಂದಿನವನು. 'ಆಯ್ತು.' 'ಹೋಗಿ ಬಾ.' ಅದರ ಮುಂದಿನವನು, 'ಆಗಲಿಲ್ಲ ಅವ್ವಾ, ಗಾಣದವನು ಇರಲಿಲ್ಲ' ಅಂದ. 'ಇರಲಿ, ಹೋಗಿ ಬಾ.' ಬಿಲ್ಲೆಗಳು ಅವಳ ಮಡಿಲಿಗೆ ಬಿದ್ದವು. ದಿನಗಟ್ಟಲೆ ನಿಂತಿದ್ದ ಜನ ಹೆಬ್ಬಾಗಿಲು ದಾಟಿ ಹೊರಟುಹೋದರು. ಅವರನ್ನೆಲ್ಲ ಕೇಳಿ ಮುಗಿಸಲು ಒಂದು ಸಲ ಎಲೆಅಡಿಕೆ ಜಗಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅಷ್ಟೂ ಹೊತ್ತು ಆ ಪುಣ್ಯಾತ್ಮನಿಗೆ ಸಿಕ್ಕಿರಲಿಲ್ಲ.

ಕೊನೆಗೆ ಉಳಿದವನು ಆ ಕೊನೆಯ ಬಿಲ್ಲೆಯವನು. ಗೋಡೆಯ ಹತ್ತಿರ ನಿಂತಿದ್ದವನು.

'ಏನಾಯ್ತು ಮಗಾ?'

'ಆಗಲಿಲ್ಲ ಅವ್ವಾ.'

ಅವಳು ಬಿಲ್ಲೆ ಬಿಚ್ಚಲು ಕೈ ಚಾಚಿದಳು. ಬೆರಳಿಗೆ ಅವನ ಹೆಗಲ ಮೇಲಿನ ಬಾಸುಂಡೆ ಸಿಕ್ಕಿತು. ಯಾವ ಕೆಲಸಕ್ಕೆ ಹೋಗಿದ್ದೆ ಅಂತ ಕೇಳಿದಳು. ಅವನು ಬಗ್ಗಿ ಕಿವಿಯಲ್ಲಿ ಹೇಳಿದ. ಅವಳ ಕೈ ಅಲ್ಲಿಯೇ ನಿಂತಿತು.

'ಯಾವಾಗಿನಿಂದ ನಿಂತಿದ್ದೀಯ?'

'ಬೆಳಿಗ್ಗೆಯಿಂದ.'

'ಯಾಕೋ ಹೇಳಲಿಲ್ಲ?'

'ಯಾರೂ ಕೇಳಲಿಲ್ಲ ಅವ್ವಾ. ಹೊಡೆದರು.'

ಆ ಮನೆಯಲ್ಲಿ ಮೂಡಲ ಹಟ್ಟಿಯ ಸೂಲಗಿತ್ತಿಯ ವಿಷಯ ಗೊತ್ತಿದ್ದವನು ಅವನೊಬ್ಬನೇ. ಹಿರಿಯವ್ವ ಬಿಚ್ಚಿದ ಬಿಲ್ಲೆಯನ್ನು ಅವನ ತೋಳಿಗೇ ಮತ್ತೆ ಕಟ್ಟಿದಳು. ಹಸಿದ ಹೊಟ್ಟೆಯಲ್ಲಿ, ಏಟು ತಿಂದ ಬೆನ್ನಿನಲ್ಲಿ ಅವನು ಎರಡು ಹರದಾರಿ ಓಡಿ, ಸೂಲಗಿತ್ತಿಯನ್ನು ಕರೆದುಕೊಂಡು ದೀಪ ಹಚ್ಚುವ ಹೊತ್ತಿಗೆ ಬಂದ. ತಾಯಿ ಉಳಿದಳು. ಮಗು ಉಳಿಯಲಿಲ್ಲ. ಬಿಸಿಲು ಇಳಿಯುವ ಮೊದಲು ಕರೆದಿದ್ದರೆ ಎರಡು ಜೀವವನ್ನೂ ಉಳಿಸಿಕೊಡುತ್ತಿದ್ದೆ ಅಂತ ಸೂಲಗಿತ್ತಿ ಕೈ ತೊಳೆಯುತ್ತ ಹೇಳಿದಳು. ಅವಳ ಮಾತಿನಲ್ಲಿ ಸಿಟ್ಟಿತ್ತು.

ಆ ಆಳು ಅಂಗಳದಲ್ಲೇ ನಿಂತಿದ್ದ. ಮನೆ ತುಂಬ ಅಳು. ಅಂಥ ಹೊತ್ತಿನಲ್ಲೂ ಹಿರಿಯವ್ವ ಹೊರಗೆ ಬಂದು ಅವನ ಮುಂದೆ ನಿಂತಳು. 'ಏನಾಯ್ತು ಮಗಾ?' ಅಂತ ಕೇಳಿದಳು. 'ಆಯ್ತು ಅವ್ವಾ, ಕರೆದು ತಂದೆ' ಅಂದ. ಬಿಲ್ಲೆ ಬಿಚ್ಚಿ, 'ಹೋಗಿ ಬಾ' ಅಂದಳು. ಹೆಬ್ಬಾಗಿಲ ಹೊರಗೆ ಕಟ್ಟೆಯ ಮೇಲೆ ಹಳೆಯ ಪಾರುಪತ್ಯಗಾರ ಕೂತಿದ್ದ. ಹೋಗಿಬರುವವರ ಹತ್ತಿರವೆಲ್ಲ ಅವನು ಒಂದೇ ಮಾತು ಹೇಳುತ್ತಿದ್ದ. ನನ್ನದೇನು ತಪ್ಪು, ಕಳಿಸಿದ್ದೆನಲ್ಲ ಅಂತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ದಾಕ್ಷಾಯಣಿಯ ಕಣ್ಣು ತುಂಬಿತ್ತು.

"ಅಂಥವನನ್ನು ಸುಮ್ಮನೆ ಕಟ್ಟೆಯ ಮೇಲೆ ಕೂರಲು ಬಿಟ್ಟರೇ?" ಎಂದಳು. "ಎತ್ತಿದ ಆ ಅಂಗೈಯನ್ನು ಮುರಿಯಬೇಕಿತ್ತು. ಎದುರಿಗೆ ನಿಂತವರನ್ನು ಒಂದು ಮಾತು ಕೇಳಲು ಆಗದವನಿಗೆ ಕಳಿಸುವ ಅಧಿಕಾರ ಯಾರು ಕೊಟ್ಟರು?"

"ಅದನ್ನು ಆಮೇಲೆ ನೋಡೋಣ," ಎಂದರು ಗುರುಗಳು. "ಪಟ್ಟಿಯಲ್ಲಿ ನಿಂತಿರುವ ಇವರಿಗೆಲ್ಲ ಬಿಲ್ಲೆ ಕಟ್ಟಿದವರು ಯಾರು ಅಂತ ಮೊದಲು ನೋಡು."

ಅವಳು ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿದಳು. ಯಾವ ಪ್ರೋಗ್ರಾಮನ್ನು ಯಾವುದು ಹುಟ್ಟಿಸಿತು ಎಂದು ಅದು ತೋರಿಸುತ್ತದೆ. ಮುನ್ನೂರು ಚಿಲ್ಲರೆ ಸಾಲುಗಳ ಮುಂದೂ ಒಂದೇ ನಂಬರು ಇತ್ತು. ಆ ನಂಬರಿನ ಪ್ರೋಗ್ರಾಂ ಅವಳೇ ಹೋದ ತಿಂಗಳು ಬರೆದದ್ದು. ಒಂದೊಂದು ಗರಿಗೆ ಒಂದೊಂದು ಮರಿಯನ್ನು ಹುಟ್ಟಿಸಿ ಓದಲು ಕಳಿಸುವ ಪ್ರೋಗ್ರಾಂ. ಕಳಿಸುವುದನ್ನು ಅವಳು ಬಲು ಅಚ್ಚುಕಟ್ಟಾಗಿ ಬರೆದಿದ್ದಳು. ಓದಿ ಬಂದವರನ್ನು ಏನಾಯ್ತು ಎಂದು ಕೇಳುವ ಒಂದು ಸಾಲನ್ನು ಬರೆದಿರಲಿಲ್ಲ. ಮರಿಗಳು ಓದಿ ಮುಗಿಸಿ, ಆಯ್ತು ಎಂದೋ ಆಗಲಿಲ್ಲ ಎಂದೋ ಹೇಳಲು ನಂಬರು ಹಿಡಿದು ನಿಂತಿದ್ದವು. ಡಿಫಂಕ್ಟ್ ಎಂದರೆ ಕೆಟ್ಟು ಕೂತದ್ದಲ್ಲ, ಕೆಲಸ ಮುಗಿಸಿ ಸತ್ತದ್ದು; ಯಾವಾಗಲೋ ಸತ್ತವರಿಗೆ ಅವಳು ನಾಲ್ಕು ತಾಸಿನಿಂದ ಒಂಬತ್ತು ಹಾಕುತ್ತಿದ್ದಳು.

ಅವಳ ಕಿವಿ ಬಿಸಿಯಾಯಿತು. ತಾನು ಬರೆದ ಪ್ರೋಗ್ರಾಮಿನ ನಂಬರಿಗೆ ಹದಿನೈದು ಹಾಕಿದಳು. ಅದು ಏಳಲಿಲ್ಲ. ಹತ್ತು ಎಣಿಸಿದಳು. ಆಮೇಲೆ ಒಂಬತ್ತು ಹಾಕಿದಳು. ಅದು ಹೋಯಿತು. ದಿಕ್ಕಿಲ್ಲದ ಮರಿಗಳೆಲ್ಲ, ಯಂತ್ರದಲ್ಲಿ ಎಲ್ಲಕ್ಕೂ ಮೊದಲು ಏಳುವ ಒಂದನೇ ನಂಬರಿನ ಪ್ರೋಗ್ರಾಮಿನ ಮಡಿಲಿಗೆ ಹೋದವು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪಟ್ಟಿ ಖಾಲಿಯಾಯಿತು, ಯಂತ್ರ ಮತ್ತೆ ಮಾತು ಕೇಳತೊಡಗಿತು. ಓದಿಟ್ಟ ಗರಿಗಳನ್ನು ಲೆಕ್ಕ ಮಾಡಿದಳು. ಇಪ್ಪತ್ತಾರು ಗರಿ ಆಗಿರಲಿಲ್ಲ. ಅವುಗಳ ಚಿತ್ರವನ್ನು ಮತ್ತೆ ತೆಗೆಯಲೇಬೇಕಿತ್ತು.

ಗಡಿಯಾರ ನೋಡಿದಳು. ಎರಡೂ ಮುಕ್ಕಾಲು. ಹಸಿ ಗಾಯದಂಥ ಗರಿಗಳು, ಒಂದೊಂದನ್ನೂ ಎಣ್ಣೆ ಸವರಿ, ಒಣಗಿಸಿ, ಆಮೇಲೆ ಚಿತ್ರ ತೆಗೆಯಬೇಕು. ಎರಡು ಗಂಟೆಯಲ್ಲಿ ಇಪ್ಪತ್ತಾರು ಸಾಧ್ಯವೇ ಇರಲಿಲ್ಲ. ಇಳಿದಿದ್ದ ಸಿಟ್ಟು ಮತ್ತೆ ಏರಿತು, ಈ ಸಲ ಕಟ್ಟಿನ ಮನೆಯವರ ಮೇಲೆ.

"ಎಂಟು ದಿನ ಕೊಡುತ್ತೀವಿ ಅಂತಲೋ, ಕೊಡುವುದಿಲ್ಲ ಅಂತಲೋ ಒಂದು ಉತ್ತರ ಹೇಳಿ ಕಳಿಸಲು ಅವರಿಗೇನು ಬಂದಿದೆ ಗುರುಗಳೇ?" ಎಂದಳು. "ಕೇಳಿ ಬರಲು ಬೆಳಿಗ್ಗೆ ಆರಕ್ಕೇ ಕಳಿಸಿದ್ದೀನಲ್ಲ."

ಸಣ್ಣನಂಜಮ್ಮ ಬಾಗಿಲ ಚೌಕಟ್ಟು ಹಿಡಿದು ನೆಲ ನೋಡುತ್ತಿದ್ದಳು.

ಗುರುಗಳು ಚಾಪೆಯಿಂದ ಏಳುತ್ತ ಹೇಳಿದರು: "ನಂಜಮ್ಮನ ಬಿಲ್ಲೆ ಬಿಚ್ಚು ತಾಯಿ."

ದಾಕ್ಷಾಯಣಿ ಬಾಗಿಲ ಕಡೆ ತಿರುಗಿದಳು. "ಏನಾಯ್ತು ನಂಜಮ್ಮ?" ಎಂದು ಕೇಳಿದಳು.